ಕಾಣದ ಗುಳ್ಳೆಗಳ ಕಾವಲುಗಾರ

ಕರಂಗ್‌ದೆಲೆಯ ದಾರ್ಕಿಮ್‌ಗೆ ಬಾರದ ವಿದ್ಯೆ ಎಂಬುದು ಇರಲಿಲ್ಲ. ಬಾರದ ಮಾತು ಮಾತ್ರ ಒಂದಿತ್ತು. ಅದು ‘ನನಗೆ ಗೊತ್ತಿಲ್ಲ’ ಎಂಬುದು. ಊರಿನ ಪುಟ್ಟ ಮಸೀದಿಯ ಧ್ವನಿವರ್ಧಕ ಕೆಟ್ಟಾಗ ಬಿಚ್ಚಿ ಕೂತವನು ಅವನೇ. ಅಂದಿನಿಂದ ಅದು ಆಜಾನಿಗೆ ಮುಂಚೆ ಪುರ್ವೊಕೆರ್ತೊ ಪೇಟೆಯ ಯಾವುದೋ ಟ್ಯಾಕ್ಸಿ ಕಚೇರಿಯ ಜಗಳವನ್ನೂ ಊರಿಗೆಲ್ಲ ಕೇಳಿಸತೊಡಗಿತು. ‘ಒಂದೇ ಯಂತ್ರದಲ್ಲಿ ಎರಡು ಸೇವೆ, ಇನ್ನೇನು ಬೇಕು?’ ಎಂದು ದಾರ್ಕಿಮ್ ಕೇಳಿದ್ದ.

ಕರಂಗ್‌ದೆಲೆ ತಾಹು ಮಾಡುವವರ ಕೇರಿ. ಸೋಯಾ ನೆನೆಸಿ, ರುಬ್ಬಿ, ಕುದಿಸಿ, ಹಾಲು ಒಡೆಸಿ, ಬಟ್ಟೆಯಲ್ಲಿ ಹಿಂಡಿ ಗಟ್ಟಿ ಮಾಡಿದರೆ ತಾಹು. ಹಿಂಡಿದಾಗ ಇಳಿಯುವ ಹುಳಿನೀರು ಮನೆ ಮನೆಯ ಹಿತ್ತಿಲಿನಿಂದ ಕಾಲುವೆಗೆ ಹರಿಯುತ್ತಿತ್ತು. ಅದು ಅಲ್ಲಿ ಕೊಳೆತು ಬೀರುತ್ತಿದ್ದ ವಾಸನೆಯನ್ನು ವರ್ಣಿಸುವುದು ಸಭ್ಯರ ಕೆಲಸವಲ್ಲ. ಕೊಳೆತ ಮೊಟ್ಟೆಯನ್ನು ಒದ್ದೆ ಕಾಲುಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟರೆ ಆ ವಾಸನೆಯ ದೂರದ ನೆಂಟನ ಪರಿಚಯವಾದೀತು, ಅಷ್ಟೆ.

ಇಂಥ ಊರಿಗೆ ವಿಶ್ವವಿದ್ಯಾಲಯದಿಂದ ವಿದುರಿ ಎಂಬ ಎಂಜಿನಿಯರ್ ಹುಡುಗಿ ಬಂದಳು. ಊರ ಚಾವಡಿಯಲ್ಲಿ ಸಭೆ ಸೇರಿತು. ಮಧ್ಯಾಹ್ನದ ಸೆಕೆ. ದಾರ್ಕಿಮ್ ಬೆಳಗಿನ ಜಾವವೇ ಎದ್ದು ಸೋಯಾ ರುಬ್ಬಿ ಬಂದವನು, ಮುಂದಿನ ಸಾಲಿನಲ್ಲಿ ಕೂತು ತೂಕಡಿಸತೊಡಗಿದ. ಅವಳ ಒಂದೊಂದು ಮಾತಿಗೂ ಅವನ ತಲೆ ಒಂದೊಂದು ಸಲ ಕೆಳಗೆ ಬೀಳುತ್ತಿತ್ತು. ವಿದುರಿಯ ಕಡೆಯಿಂದ ನೋಡಿದರೆ ಇಡೀ ಊರಿನಲ್ಲಿ ತನ್ನ ಮಾತನ್ನು ಅರ್ಥ ಮಾಡಿಕೊಂಡು ತಲೆದೂಗುವ ಮನುಷ್ಯ ಅವನೊಬ್ಬನೇ. ಪಾಪ, ಅವಳು ಅವನನ್ನೇ ನೋಡಿಕೊಂಡು ಮಾತಾಡಿದಳು.

“ದೊಡ್ಡ ಗುಳ್ಳೆ ಆದ್ರೆ ಬುಳಕ್ ಅಂತ ಮೇಲೆ ಬಂದು ಒಡೆದು ಹೋಗುತ್ತೆ. ನಮ್ಮ ಗುಳ್ಳೆ ಹಾಗಲ್ಲ. ಕಣ್ಣಿಗೇ ಕಾಣದಷ್ಟು ಸಣ್ಣದು. ನೀರೊಳಗೇ ದಿನಗಟ್ಟಲೆ ನಿಂತಿರುತ್ತೆ. ಕೊಳೆ ತಿನ್ನೋ ಸೂಕ್ಷ್ಮಜೀವಿಗಳಿಗೆ ಅದೇ ಉಸಿರು. ಉಸಿರು ಸಿಕ್ರೆ ಅವು ಚೆನ್ನಾಗಿ ತಿಂತಾವೆ. ಅವು ತಿಂದ್ರೆ ವಾಸನೆ ಹೋಗುತ್ತೆ. ಯಂತ್ರ ನಾವು ಕೊಡ್ತೀವಿ, ಸದ್ಯಕ್ಕೆ ಪರೀಕ್ಷೆಗೆ ಅಂತ. ನೋಡ್ಕೊಳ್ಳೋಕೆ ನಿಮ್ಮಲ್ಲೇ ಒಬ್ರು ಬೇಕು. ಇದಕ್ಕೆ ನ್ಯಾನೊ ಅಂತಾರೆ. ಯಾರು ನೋಡ್ಕೋತೀರಿ ಈ ನ್ಯಾನೊ?”

ಊರಿನ ಗಂಡಸರೆಲ್ಲ ತಮ್ಮ ತಮ್ಮ ಚಪ್ಪಲಿಯನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ದಾರ್ಕಿಮ್‌ನ ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ ಸಕಿರುನ್ ಕೂತಿದ್ದ. ಅವನು ಮೋಟರ್‌ಸೈಕಲ್ ಮೇಲೆ ಜನರನ್ನು ಕೂರಿಸಿಕೊಂಡು ಪೇಟೆಗೆ ಬಿಡುವವನು. ಊರ ಸುದ್ದಿಯೂ ಹಾಗೇ ಅವನ ಹಿಂದೆ ಕೂತು ಪೇಟೆ ಸೇರುತ್ತಿತ್ತು. ಅವನು ಭಾವನ ಪಕ್ಕೆಗೆ ತಿವಿದ. ದಾರ್ಕಿಮ್ ಬೆಚ್ಚಿ ಎದ್ದು, ಕಿವಿಯಲ್ಲಿ ಸಿಕ್ಕಿಕೊಂಡಿದ್ದ ಕೊನೆಯ ಮಾತನ್ನೇ ಗಟ್ಟಿಯಾಗಿ ಒದರಿದ.

“ನಾನೋ?”

“ನಾನು ಅಂದ! ನಮ್ಮ ಭಾವ ನಾನು ಅಂದ!” ಎಂದು ಸಕಿರುನ್ ಕೂಗಿದ.

ಊರ ಮುಖ್ಯಸ್ಥ ತಕ್ಷಣ ಚಪ್ಪಾಳೆ ಹೊಡೆದ. ಊರೂ ಹೊಡೆಯಿತು. ಚಪ್ಪಾಳೆ ಬಿದ್ದ ಮೇಲೆ ‘ಯಾತಕ್ಕೆ’ ಎಂದು ಕೇಳುವುದು ದಾರ್ಕಿಮ್‌ನ ಜಾಯಮಾನವಲ್ಲ. ಅವನು ಎದ್ದು ನಿಂತು, ಪಂಚೆಯಂತೆ ಉಟ್ಟ ಸರೋಂಗ್ ಸರಿಮಾಡಿಕೊಂಡು, “ಊರಿಗೋಸ್ಕರ” ಎಂದ.

ಹೆಂಗಸರ ಸಾಲಿನಿಂದ ಅವನ ಹೆಂಡತಿ ರಸಿತಿ, “ಮನೇಲಿ ಫ್ಯಾನಿನ ಸ್ವಿಚ್ಚು ಯಾವ್ದು, ದೀಪದ ಸ್ವಿಚ್ಚು ಯಾವ್ದು ಅಂತ ಇನ್ನೂ ಗೊತ್ತಾಗಿಲ್ಲ ಈ ಮನುಷ್ಯಂಗೆ. ದೇವರೇ ಕಾಪಾಡಬೇಕು ಗುಳ್ಳೆಗಳ್ನ” ಎಂದಳು.

ಊರ ಕೊನೆಯಲ್ಲಿ ತೊಟ್ಟಿ ಕಟ್ಟಿದರು. ಎಲ್ಲ ಮನೆಯ ಹುಳಿನೀರೂ ಅದಕ್ಕೇ ಬಂದು ಬೀಳುವ ಹಾಗಾಯಿತು. ಪಕ್ಕದಲ್ಲಿ ನೀಲಿ ಪೆಟ್ಟಿಗೆಯಂಥ ಯಂತ್ರ ಗುಂಯ್ ಎಂದು ಕೂತಿತು. ತಿಳಿಯಾದ ನೀರು ಇನ್ನೊಂದು ತುದಿಯ ಹರಣಿ ಎಂಬ ತೆರೆದ ಕಿರುತೋಡಿನಲ್ಲಿ ಹರಿದು ಕಾಲುವೆಗೆ ಹೋಗುತ್ತಿತ್ತು. ದಾರ್ಕಿಮ್‌ನ ಕೆಲಸ ಇಷ್ಟೇ: ಯಂತ್ರ ನಿಲ್ಲದಂತೆ ನೋಡಿಕೊಳ್ಳಬೇಕು, ಜಾಲರಿಗೆ ಸಿಕ್ಕ ಕಸ ತೆಗೆಯಬೇಕು, ನೀರಿಗೆ ಯಾರೂ ಏನೂ ಹಾಕದಂತೆ ಕಾಯಬೇಕು. ಇಷ್ಟಕ್ಕೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಅದನ್ನು ಬಳಸಕೂಡದೆಂದು ವಿದುರಿ ಆಣೆ ಮಾಡಿಸಿಕೊಂಡಿದ್ದಳು.

ಮೊದಲ ದಿನ ಜಾತ್ರೆಯಂತೆ ಜನ ಬಂದರು. ತೊಟ್ಟಿಗೆ ಬಗ್ಗಿ ನೋಡಿದರು.

“ಗುಳ್ಳೆ ಎಲ್ಲಿ?” ಎಂದ ಸಕಿರುನ್.

“ಇದೆ.”

“ಕಾಣ್ತಿಲ್ವಲ್ಲ?”

“ಕಾಣೋ ಗುಳ್ಳೆಗೆ ವಿಶ್ವವಿದ್ಯಾಲಯ ಯಾಕಯ್ಯ ಬೇಕು? ನಿನ್ನ ಹೆಂಡ್ತಿ ಸೋಪು ತಿಕ್ಕಿದ್ರೂ ಬರುತ್ತೆ.”

“ನಿಂಗೆ ಕಾಣುತ್ತಾ?”

ಇಲ್ಲಿ ಒಂದು ಸಣ್ಣ ‘ಇಲ್ಲ’ ಹೇಳಿಬಿಟ್ಟಿದ್ದರೆ ಮುಂದಿನ ಅನಾಹುತವೆಲ್ಲ ತಪ್ಪುತ್ತಿತ್ತು. ಆದರೆ ಸುತ್ತ ಅಷ್ಟು ಜನ ನಿಂತಿದ್ದರು. ದಾರ್ಕಿಮ್ ಕಣ್ಣು ಕಿರಿದು ಮಾಡಿ ನೀರನ್ನು ದಿಟ್ಟಿಸಿ, “ಅಭ್ಯಾಸ ಆಗ್ಬೇಕು” ಎಂದ. ಆಮೇಲೆ ಜನ ಬಾಯಿ ಮುಚ್ಚಿಕೊಂಡದ್ದು ಕಂಡು ಹುರುಪೇರಿತು. “ಎಷ್ಟು ಸಣ್ಣ ಅಂದ್ರೆ, ಕೈ ಇಟ್ರೆ ಚರ್ಮದೊಳಗೆ ಹೋಗುತ್ತೆ. ಚರ್ಮದಿಂದ ರಕ್ತಕ್ಕೆ. ರಕ್ತದಿಂದ ಮೂಳೆಗೆ. ಅಲ್ಲಿ ಕೂತು ತನ್ನ ಕೆಲಸ ಮಾಡುತ್ತೆ.”

ಗುಂಪಿನ ಹಿಂದೆ ಕೋಲೂರಿ ನಿಂತಿದ್ದ ಕರ್ಸಿನಾ ಅಜ್ಜಿ ಈ ಮಾತನ್ನು ಕೇಳಿಸಿಕೊಂಡಳು. ಊರೆಲ್ಲ ಅವಳನ್ನು ನಿನಿ ಎನ್ನುತ್ತಿದ್ದರು, ಅಜ್ಜಿ ಎಂಬ ಅರ್ಥದಲ್ಲಿ. ನಿನಿಯ ಕಿವಿಗೆ ಬೇರೇನೂ ಕೇಳಿಸುತ್ತಿರಲಿಲ್ಲ, ಔಷಧಿಯ ವಿಷಯ ಮಾತ್ರ ಮೂರು ಬೀದಿಯಾಚೆಗಿದ್ದರೂ ಕೇಳಿಸುತ್ತಿತ್ತು.

ವಾಸನೆ ಹೋಯಿತು. ಆದರೆ ಹೋದದ್ದು ಊರವರಿಗೆ ಗೊತ್ತಾಗಲಿಲ್ಲ. ಮೂಗು ಬಿಗಿಹಿಡಿದೇ ಬದುಕುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತಲ್ಲ. ಮೊದಲು ಗೊತ್ತಾದದ್ದು ತರಕಾರಿ ಮಾರುವವನಿಗೆ. ಅವನು ಇಷ್ಟು ವರ್ಷ ಮೂಗನ್ನೇ ನಂಬಿ ಕರಂಗ್‌ದೆಲೆಯ ತಿರುವಿನಲ್ಲಿ ಗಾಡಿ ತಿರುಗಿಸುತ್ತಿದ್ದವನು. ಅಂದು ತಿರುವು ತಪ್ಪಿ ಪಕ್ಕದ ಊರಿನ ಪೊಲೀಸ್ ಠಾಣೆಯ ಅಂಗಳದಲ್ಲಿ ಬದನೆಕಾಯಿ ಕೂಗಿದ. ಆಮೇಲೆ ಒಬ್ಬೊಬ್ಬರಿಗೇ ತಿಳಿಯಿತು. ರಸಿತಿ ಬೆಳ್ಳುಳ್ಳಿ ಹುರಿಯುತ್ತಿದ್ದವಳು ನಿಂತು, “ಇದು ಇಷ್ಟು ಘಮ ಅನ್ನುತ್ತಾ!” ಎಂದು ಬೆರಗಾದಳು. ಮರುಗಳಿಗೆ ಗಂಡನ ಕಡೆ ತಿರುಗಿ, “ನೀವು ಹೀಗೆ ನಾರ್ತೀರಾ?” ಎಂದಳು. ಆ ವಾರ ಕರಂಗ್‌ದೆಲೆಯ ಗಂಡಸರೆಲ್ಲ ಹೊತ್ತಿಗೊಂದು ಸಲ ಸ್ನಾನ ಮಾಡಬೇಕಾಯಿತು. ಮುಚ್ಚಿದ್ದ ಕಿಟಕಿಗಳು ತೆರೆದವು. ಒಣಹಾಕಿದ ಬಟ್ಟೆ ಬರೀ ಬಿಸಿಲಿನ ವಾಸನೆ ಬೀರಿತು.

ಇಷ್ಟರಲ್ಲಿ ಒಂದು ಬೆಳಿಗ್ಗೆ ನಿನಿ ಕರ್ಸಿನಾ ಕೋಲಿಲ್ಲದೆ ದಾರ್ಕಿಮ್‌ನ ಅಂಗಳಕ್ಕೆ ಬಂದಳು. ಒಂದು ಕಂಕುಳಲ್ಲಿ ಬಾಳೆಗೊನೆ, ಇನ್ನೊಂದು ಕಂಕುಳಲ್ಲಿ ಜೀವಂತ ಕೋಳಿ.

“ಕಾಂಗ್ ದಾರ್ಕಿಮ್, ನನ್ನ ಮಂಡಿ ನೋಡು!” ಎಂದು ಅವಳು ಅಂಗಳದಲ್ಲೇ ಕೂತು ಎದ್ದಳು. ಮತ್ತೆ ಕೂತು ಮತ್ತೆ ಎದ್ದಳು. ಕೋಳಿಯೂ ಅವಳ ಜೊತೆ ಕೆಳಗೆ ಮೇಲೆ ಹೋಗಿ ಕಂಗಾಲಾಯಿತು. “ದಿನಾ ಸಂಜೆ ನಿನ್ನ ಹರಣಿ ನೀರಲ್ಲಿ ಕಾಲಿಟ್ಟೆ. ನೀನು ಹೇಳ್ದಂಗೆ ಮೂಳೇಗೇ ಹೋಯ್ತು ನೋಡು ಗುಳ್ಳೆ!”

ದಾರ್ಕಿಮ್ ಎರಡೂ ಕೈ ಆಡಿಸಿದ. “ನಿನಿ, ಅದು... ನಾನೇನೂ ಮಾಡಿಲ್ಲ ನಿನಿ.”

“ನೋಡ್ದ್ಯಾ ರಸಿತಿ, ಎಂಥಾ ವಿನಯ!” ಎಂದಳು ನಿನಿ.

ಆ ಕಡೆಯ ಜನರಲ್ಲಿ ಇದೊಂದು ತೊಂದರೆ. ದೊಡ್ಡವರು ಯಾವಾಗಲೂ ‘ನಾನೇನೂ ಮಾಡಿಲ್ಲ’ ಎನ್ನುತ್ತಾರೆ. ಆದ್ದರಿಂದ ‘ನಾನೇನೂ ಮಾಡಿಲ್ಲ’ ಎಂದವನು ದೊಡ್ಡವನೇ ಇರಬೇಕು. ನಿಜವಾಗಿ ಏನೂ ಮಾಡದವನು ತಪ್ಪಿಸಿಕೊಳ್ಳಲು ಯಾವ ದಾರಿಯೂ ಇಲ್ಲ.

ಸಕಿರುನ್ ಅಂದೇ ಸುದ್ದಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪೇಟೆಗೆ ಹೋದ. ಮರುದಿನದಿಂದ ಜನ ಬರತೊಡಗಿದರು. ಮಂಡಿ ನೋವಿನವರು, ಸೊಂಟ ನೋವಿನವರು, ಮದುವೆಯಾಗದವರು, ಮದುವೆಯಾಗಿ ಕೆಟ್ಟವರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಪಪ್ಪಾಯಿ ಬಂತು, ತೆಂಗಿನಕಾಯಿ ಬಂತು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಅನ್ನ ಬಂತು. ಕಾಂಗ್, ಅಂದರೆ ಅಣ್ಣ, ಎಂದು ಕರೆಸಿಕೊಳ್ಳುತ್ತಿದ್ದ ದಾರ್ಕಿಮ್ ಒಂದು ವಾರದಲ್ಲಿ ಪಾಕ್ ದಾರ್ಕಿಮ್ ಆದ. ಅದು ಯಜಮಾನರಿಗೆ ಸಲ್ಲುವ ಮರ್ಯಾದೆ. ಇನ್ನೊಂದು ವಾರಕ್ಕೆ ಎಯಾಂಗ್ ದಾರ್ಕಿಮ್ ಆದ. ಅದು ಪೂಜ್ಯ ಅಜ್ಜನವರಿಗೆ. ಅವನ ತಲೆಯಲ್ಲಿ ಇನ್ನೂ ಒಂದು ಬಿಳಿಕೂದಲಿರಲಿಲ್ಲ.

“ನಾನು ಮದ್ವೆಯಾಗಿದ್ದು ಅಜ್ಜನ್ನಲ್ಲ” ಎಂದಳು ರಸಿತಿ. “ಈ ಕೋಳಿಗಳು ಮಂಚದ ಮೇಲೆ ಮಲಗ್ತಿವೆ. ನಿಜ ಹೇಳಿಬಿಡಿ ಜನಕ್ಕೆ.”

“ದಿನಾ ಹೇಳ್ತಿದ್ದೀನಿ ಕಣೇ! ಹೇಳ್ದಷ್ಟೂ ಕೋಳಿ ಜಾಸ್ತಿ ಬರ್ತಿವೆ.”

ಅವನಿಗೆ ಇದ್ದ ದೊಡ್ಡ ಭಯ ಎಂದರೆ ಯಾರಾದರೂ ಆ ನೀರನ್ನು ಕುಡಿದುಬಿಡುವುದು. ಎಷ್ಟೇ ತಿಳಿಯಾಗಿದ್ದರೂ ಅದು ಹುಳಿನೀರಿನ ಮೊಮ್ಮಗಳೇ ತಾನೆ? ಅವನು ಹರಣಿಯ ಬಳಿ ನಿಂತು, “ಕಾಲು ಮಾತ್ರ! ಕಾಲು ಮಾತ್ರ!” ಎಂದು ಗಂಟಲು ಹರಿದುಕೊಂಡ. ಮರುದಿನ ಬಂದವರು ನೀರಿಗಿಳಿಯುವ ಮುಂಚೆ ಕಣ್ಮುಚ್ಚಿ, “ಕಾಲು ಮಾತ್ರ, ಕಾಲು ಮಾತ್ರ” ಎಂದು ಭಕ್ತಿಯಿಂದ ಜಪಿಸತೊಡಗಿದರು.

ಆದರೂ ಒಬ್ಬ ಕುಡಿದೇಬಿಟ್ಟ. ಸೊಕರಾಜಾ ಕಡೆಯ ಒಬ್ಬ ಮುದುಕ, ದಾರ್ಕಿಮ್ ಜಾಲರಿ ತೊಳೆಯಲು ಬಗ್ಗಿದಾಗ, ಒಂದು ಬೊಗಸೆ ಏರಿಸಿದ. ಎರಡು ದಿನ ಶೌಚಾಲಯ ಬಿಟ್ಟು ಹೊರಗೆ ಬರಲಿಲ್ಲ. ಸುದ್ದಿ ಕೇಳಿ ದಾರ್ಕಿಮ್ ಬೆವತುಹೋದ. ಮೂರನೆಯ ದಿನ ಮುದುಕನೇ ಬಂದ, ಗಾಳಿಗೆ ತೂರಾಡುವಂತಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು. ಜೊತೆಗೆ ಮೇಕೆ.

“ಎಯಾಂಗ್, ಮದ್ವೆ ಆದಾಗಿಂದ ಹೊಟ್ಟೇಲಿದ್ದಿದ್ದೆಲ್ಲ ಹೋಯ್ತು!”

ಈ ಮೇಕೆಯ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮುಟ್ಟಿತು. ಅಲ್ಲಿಂದ ಜಿಲ್ಲಾ ಕಚೇರಿಗೆ ಮುಟ್ಟಿತು. ಜಿಲ್ಲಾ ಕಚೇರಿಯಿಂದ ಪಾಕ್ ಹರ್ಜಿತೊ ಎಂಬ ಅಧಿಕಾರಿ ಕಾರಿನಲ್ಲಿ ಬಂದರು. ಎತ್ತರದ ಆಳು, ಇಳಿಯುವಾಗ ಮಂಡಿ ಹಿಡಿದುಕೊಂಡು ಇಳಿದರು. ಅವರ ಹಿಂದೆಯೇ ವಿದುರಿ ಬಂದಳು. ಅವಳ ಮುಖ ಬಿಳಿಚಿತ್ತು.

“ಯಂತ್ರ ಬಿಚ್ಚಿ ತಗೊಂಡ್ಹೋಗೋಕೆ ಬಂದಿದ್ದಾರೆ. ಕೊಳೆನೀರನ್ನ ಔಷಧಿ ಅಂತ ಕೊಡ್ತಿದ್ದೀರಂತೆ! ಪಾಕ್ ದಾರ್ಕಿಮ್, ಸಭೇಲಿ ನೀವೊಬ್ರೇ ಎಲ್ಲ ಅರ್ಥ ಮಾಡ್ಕೊಂಡೋರು ಅಂತ ನಂಬಿದ್ದೆ ನಾನು” ಎಂದಳು.

ದಾರ್ಕಿಮ್‌ಗೆ ನೆಲ ಬಿರಿದರೆ ಸಾಕು ಎನ್ನಿಸಿತು. ಯಂತ್ರ ಹೋದರೆ ಮತ್ತೆ ಆ ವಾಸನೆ. ಮತ್ತೆ ಮುಚ್ಚಿದ ಕಿಟಕಿಗಳು. ಕಾರಣ ತನ್ನ ನಾಲಗೆ.

ಚಾವಡಿಯಲ್ಲಿ ವಿಚಾರಣೆ ಕೂತಿತು. ಊರಿಗೆ ಊರೇ ಸೇರಿತ್ತು. ಅಧಿಕಾರಿಗಳು ಬಂದಾಗ ಬಾಯಿಗೆ ಏನಾದರೂ ಕೊಡದಿದ್ದರೆ ಮರ್ಯಾದೆಯಲ್ಲ ಎಂದು ರಸಿತಿ ಹಿಟ್ಟಿನಲ್ಲಿ ಅದ್ದಿ ಮೆತ್ತಗೆ ಕರಿದ ತೆಂಪೆ ಎಂಬ ಹುದುಗಿಸಿದ ಸೋಯಾ ಬಿಲ್ಲೆ, ಹಸಿಮೆಣಸಿನಕಾಯಿ, ಬಿಸಿ ಚಹಾ ತಂದಿಟ್ಟಳು.

“ಈ ನೀರು ಕಾಯಿಲೆ ವಾಸಿ ಮಾಡುತ್ತೆ ಅಂತ ನೀವು ಹೇಳಿದ್ರಾ?” ಎಂದು ಹರ್ಜಿತೊ ಕೇಳಿದರು.

“ಇಲ್ಲ ಪಾಕ್. ಮೂಳೆವರೆಗೆ ಹೋಗುತ್ತೆ ಅಂದಿದ್ದೆ.”

“ಹೋಗುತ್ತಾ?”

ದಾರ್ಕಿಮ್ ವಿದುರಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಗಂಟಲು ಸರಿಮಾಡಿಕೊಂಡ. ನಲವತ್ತೈದು ವರ್ಷ ಬಳಸದೆ ತುಕ್ಕು ಹಿಡಿದಿದ್ದ ಮಾತನ್ನು ಹೊರಕ್ಕೆಳೆಯುವುದೆಂದರೆ ಸುಲಭವೆ?

“ನಂಗೆ... ಗೊತ್ತಿಲ್ಲ ಪಾಕ್. ಗುಳ್ಳೆ ವಿಷ್ಯ ನಂಗೇನೂ ಗೊತ್ತಿಲ್ಲ. ಒಂದು ಗುಳ್ಳೇನೂ ನಾನು ಕಂಡಿಲ್ಲ. ಆವತ್ತು ಸಭೇಲಿ ನಿದ್ದೆ ಮಾಡ್ತಿದ್ದೆ.”

ಹಿಂದಿನ ಸಾಲಿನಿಂದ ಸೊಕರಾಜಾದ ಮುದುಕನ ಗದ್ಗದ ಸ್ವರ ಕೇಳಿಸಿತು. “ಎಂಥಾ ವಿನಯ!”

“ವಿನಯ ಅಲ್ವೋ ಪುಣ್ಯಾತ್ಮ, ನಿಜ!” ಎಂದು ದಾರ್ಕಿಮ್ ಅಳುವಂತಾದ.

ಹರ್ಜಿತೊ ನಿನಿಯ ಕಡೆ ತಿರುಗಿದರು. “ಹಾಗಾದ್ರೆ ನಿಮ್ಮ ಮಂಡಿ ಹೇಗೆ ವಾಸಿ ಆಯ್ತು ನಿನಿ?”

“ದಿನಾ ಸಂಜೆ ನೀರಲ್ಲಿ ಕಾಲಿಡ್ತಿದ್ದೆ.”

“ಅಷ್ಟೇನಾ?”

“ಅಷ್ಟೇ. ಮನೆಯಿಂದ ಹರಣಿಗೆ ಹೋಗ್ತೀನಿ. ಇಷ್ಟು ದೂರ ಬಂದಿದ್ದೀನಿ ಅಂತ ಕಾಲುವೆ ದಾಟಿ ತಂಗಿ ಮನೆಗೆ ಹೋಗ್ತೀನಿ. ಅಲ್ಲಿ ಅವಳ ಸೊಸೇನ ಬೈದು, ಮಸೀದಿ ಸುತ್ತಿಕೊಂಡು, ಅಂಗಡೀಲಿ ವೀಳ್ಯದೆಲೆ ತಗೊಂಡು, ಸೇತುವೆ ಮೇಲೆ ಸ್ವಲ್ಪ ಗಾಳಿ ತಗೊಂಡು ಮನೆಗೆ ಬರ್ತೀನಿ.”

“ಮುಂಚೆ ಇದೆಲ್ಲ ಹೋಗ್ತಿರ್ಲಿಲ್ವಾ?”

“ಆ ನಾತದಲ್ಲಿ ಯಾವಳು ಹೊರಗೆ ಹೋಗ್ತಾಳೆ ಮಾರಾಯ? ಕಿಟಕಿ ಹಾಕ್ಕೊಂಡು ಮಂಚದ ಮೇಲೆ ಕೂತಿರ್ತಿದ್ದೆ. ವರ್ಷಗಟ್ಟಲೆ.”

ಹರ್ಜಿತೊ ತಮ್ಮ ಮಂಡಿ ಸವರಿಕೊಂಡರು. “ನನ್ನ ಡಾಕ್ಟ್ರೂ ಅದನ್ನೇ ಹೇಳಿದ್ದು, ದಿನಾ ನಡೀರಿ ಅಂತ. ನಿನಿ, ನಿಮ್ಮನ್ನ ವಾಸಿ ಮಾಡಿದ್ದು ನೀರಲ್ಲ, ನಡಿಗೆ.”

ನಿನಿಗೆ ಇದು ಸ್ವಲ್ಪವೂ ಸರಿಬರಲಿಲ್ಲ. “ಹಂಗಾದ್ರೆ ನಾನು ಕೋಳಿ ಕೊಡಬೇಕಾಗಿದ್ದು ಯಾರಿಗೆ? ನನ್ನ ಕಾಲಿಗಾ?”

ಊರು ನಕ್ಕಿತು. ಹರ್ಜಿತೊ ನಗಲಿಲ್ಲ. “ಏನೇ ಆಗ್ಲಿ, ದೂರು ಬಂದಿದೆ. ಯಂತ್ರ ಇಲ್ಲಿರೋದು ಅಪಾಯ. ಬೇರೆ ಊರಿಗೆ ಕೊಡ್ತೀವಿ” ಎಂದು ಏಳಲು ಹೊರಟರು.

ಆಗ ರಸಿತಿ ಖಾಲಿ ತಟ್ಟೆ ಎತ್ತಿಕೊಳ್ಳುತ್ತ, ಯಾರಿಗೋ ಹೇಳುವ ಹಾಗೆ ಹೇಳಿದಳು. “ಹೋದ ಸಲ ಇವ್ರು ಬಂದಾಗ ಕಾರಿಂದ ಇಳೀಲೇ ಇಲ್ಲ. ಕಿಟಕೀಲಿ ಕೈ ಬೀಸಿ, ಮೂಗಿಗೆ ಕರ್ಚೀಫ್ ಇಟ್ಕೊಂಡು ಹೊರಟೇಹೋದ್ರು. ಇವತ್ತು ಎರಡು ತಟ್ಟೆ ತೆಂಪೆ ಖಾಲಿ ಆಗಿದೆ. ಮೂರನೇದು ಬೇಯ್ತಾ ಇದೆ. ಯಂತ್ರ ತಗೊಂಡ್ಹೋಗೋದಾದ್ರೆ ಈಗ್ಲೇ ಹೇಳಿ ಪಾಕ್, ಒಲೆ ಆರಿಸ್ತೀನಿ.”

ಹರ್ಜಿತೊ ತಮ್ಮ ಕೈಯಲ್ಲಿದ್ದ ಅರ್ಧ ತೆಂಪೆಯನ್ನು ನೋಡಿದರು. ಬಾಯಲ್ಲಿ ಉಳಿದರ್ಧವಿತ್ತು. ತಾವು ಕರಂಗ್‌ದೆಲೆಯ ನಟ್ಟನಡುವೆ ಕೂತು, ಮಧ್ಯಾಹ್ನದ ಬಿಸಿಲಿನಲ್ಲಿ, ಮೂಗು ಬಾಯಿ ಎರಡನ್ನೂ ತೆರೆದುಕೊಂಡು ತಿನ್ನುತ್ತಿದ್ದೇವೆ ಎಂಬುದು ಅವರಿಗೆ ಆಗಲೇ ಅರಿವಾದದ್ದು. ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು. ಅಗಿದು ನುಂಗಿದರು.

“ತೊಟ್ಟಿಗೆ ಬೇಲಿ ಹಾಕ್ಸಿ. ಹರಣಿಗೆ ಮುಚ್ಚಳ ಹಾಕ್ಸಿ. ನೀರು ಮುಟ್ಟಬಾರದು ಅಂತ ದೊಡ್ಡಕ್ಷರದಲ್ಲಿ ಬರೆಸಿ. ಮತ್ತೆ...” ಎಂದು ತಟ್ಟೆಯ ಕಡೆ ನೋಡಿದರು, “ಮೆಣಸಿನಕಾಯಿ ಇನ್ನೆರಡು ತನ್ನಿ.”

ವಿದುರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಯಾರಿಗೂ ತಿಳಿಯಲಿಲ್ಲ.

ಹೀಗೆ ಉಳಿದ ಯಂತ್ರಕ್ಕಾಗಿ ಕೃತಜ್ಞತೆಯ ಊಟ ಇಟ್ಟುಕೊಳ್ಳಬೇಕೆಂದು ಊರು ತೀರ್ಮಾನಿಸಿತು. ದಾರ್ಕಿಮ್‌ನ ಮನೆಯಲ್ಲಿ ಸೇರಿದ್ದ ಕೋಳಿಗಳಿಗೂ ಒಂದು ಗತಿ ಕಾಣಿಸಬೇಕಾಗಿತ್ತು. ಬೆಳಿಗ್ಗೆಯಿಂದಲೇ ಚಾವಡಿಯ ಮುಂದೆ ಒಲೆಗಳು ಉರಿದವು. ತೆಂಗಿನ ಹಾಲಿನಲ್ಲಿ ಬೆಂದ ಅರಿಸಿನದ ಅನ್ನವನ್ನು ಗೋಪುರದಂತೆ ಕಟ್ಟಿ ಬಾಳೆಲೆಯ ಮೇಲೆ ನಿಲ್ಲಿಸಿದರು. ಗೋಪುರದ ತುದಿಯನ್ನು ಕೊಯ್ದು ಎಲ್ಲರಿಗಿಂತ ಮಾನ್ಯರಾದವರಿಗೆ ಕೊಡಬೇಕು. ಅಲ್ಲಿಂದ ಜಗಳ ಶುರುವಾಯಿತು.

“ದಾರ್ಕಿಮ್‌ಗೆ” ಎಂದ ಊರ ಮುಖ್ಯಸ್ಥ.

“ಬೇಡಪ್ಪ, ನನ್ನ ಬಿಟ್ಬಿಡಿ. ವಿದುರಿಯವ್ರಿಗೆ ಕೊಡಿ” ಎಂದ ದಾರ್ಕಿಮ್, ಎರಡು ಹೆಜ್ಜೆ ಹಿಂದೆ ಸರಿದು.

“ಕೆಲಸ ಮಾಡಿದ್ದು ನಾನಲ್ಲ. ತೊಟ್ಟೀಲಿರೋ ಸೂಕ್ಷ್ಮಜೀವಿಗಳು” ಎಂದಳು ವಿದುರಿ.

ಸಕಿರುನ್ ಚಾಕು ತೆಗೆದುಕೊಂಡು ಎದ್ದ. “ಹಂಗಾದ್ರೆ ತೊಟ್ಟಿಗೇ ಹಾಕೋಣ!”

“ನೀರಿಗೆ ಏನೂ ಹಾಕಬಾರದು!” ಎಂದು ದಾರ್ಕಿಮ್ ಮತ್ತು ವಿದುರಿ ಒಟ್ಟಿಗೆ ಕಿರುಚಿದರು.

ಅಷ್ಟರಲ್ಲಿ ಕಾಲುವೆಯ ಕೆಳದಂಡೆಯ ಕಡೆಯಿಂದ ಜನ ಸಾಲಾಗಿ ಬರುತ್ತಿರುವುದು ಕಾಣಿಸಿತು. ಗಂಡಸರು, ಹೆಂಗಸರು, ಮುಂದುಗಡೆ ಮದ್ರುಸಿನ್ ಎಂಬ ಮೀನು ಸಾಕುವ ಮುದುಕ. ಅವರು ಕೆಡುಂಗ್ ಗಾಬುಸಿನವರು, ಕರಂಗ್‌ದೆಲೆಯ ನೀರು ಹರಿದು ಹೋಗುವ ಊರಿನವರು. ಚಾವಡಿಯ ನಗು ನಿಂತುಹೋಯಿತು. ಕೆಡುಂಗ್ ಗಾಬುಸಿನವರು ಬರುವುದೆಂದರೆ ಜಗಳಕ್ಕೇ. ಸತ್ತ ಮೀನುಗಳನ್ನು ಬುಟ್ಟಿಯಲ್ಲಿ ತಂದು ಇದೇ ಚಾವಡಿಯ ಮೆಟ್ಟಿಲ ಮೇಲೆ ಸುರಿದುಹೋಗಿದ್ದು ಎಷ್ಟು ಸಲವೋ. ಇವತ್ತೂ ಮದ್ರುಸಿನ್‌ನ ಕೈಯಲ್ಲಿ ಬುಟ್ಟಿಯಿತ್ತು.

ಮುಖ್ಯಸ್ಥ ಮೆಲ್ಲಗೆ ಕಂಬದ ಹಿಂದೆ ಸರಿದ. ಎಲ್ಲರೂ ದಾರ್ಕಿಮ್‌ನನ್ನು ಮುಂದೆ ತಳ್ಳಿದರು.

“ಬನ್ನಿ ಪಾಕ್ ಮದ್ರುಸಿನ್” ಎಂದ ದಾರ್ಕಿಮ್. “ನೀರಲ್ಲಿ ಏನಾದ್ರೂ ತೊಂದ್ರೆ ಆಯ್ತಾ?”

ಮದ್ರುಸಿನ್ ಬುಟ್ಟಿ ಕೆಳಗಿಟ್ಟ. ಒಳಗೆ ಗುರಾಮೆ ಮೀನುಗಳು ಪಟಪಟ ಬಾಲ ಬಡಿಯುತ್ತಿದ್ದವು.

“ಹಂಗಾದ್ರೆ... ಯಂತ್ರ ಹಾಕ್ಸಿದ್ದಕ್ಕೆ ನಮ್ಮನ್ನ ಹೊಗಳೋಕೆ ಬಂದ್ರಾ?” ಎಂದ ದಾರ್ಕಿಮ್.

“ಹೊಗಳೋದಾ? ನಿಮ್ಮನ್ನಾ?” ಮುದುಕ ಕಣ್ಣು ಕೆಕ್ಕರಿಸಿದ. “ಇಷ್ಟು ವರ್ಷ ನಿಮ್ಮ ಕಡೆಯಿಂದ ಗಾಳಿ ಬೀಸಿದ್ರೆ ಎದ್ದು ಕಿಟಕಿ ಹಾಕ್ತಿದ್ವಿ. ಉಣ್ಣೋ ಹೊತ್ತಲ್ಲಿ ಬೀಸಿದ್ರೆ ಉಣ್ಣೋದು ಬಿಡ್ತಿದ್ವಿ. ಇವತ್ತು ಬೆಳಿಗ್ಗೆ ಬೀಸ್ತು. ಅಭ್ಯಾಸಕ್ಕೆ ಎದ್ದೆ, ಕಿಟಕಿ ಹಾಕೋಕೆ. ಏನು ವಾಸನೆ ಬಂತು ಗೊತ್ತಾ? ತೆಂಗಿನ ಹಾಲಲ್ಲಿ ಅನ್ನ ಬೇಯೋ ವಾಸನೆ. ಕೋಳಿ ಹುರಿಯೋ ವಾಸನೆ. ನಿಮ್ಮೂರಿಂದ ಊಟದ ವಾಸನೆ ಬರೋದು ನಾನು ಹುಟ್ಟಿದ ಮೇಲೆ ಇದೇ ಮೊದ್ಲು. ಕಿಟಕಿ ಹತ್ರಾನೇ ನಿಂತ್ಕೊಂಡುಬಿಟ್ಟೆ. ಆಮೇಲೆ ನೋಡಿದ್ರೆ ಊರೆಲ್ಲ ಕಿಟಕೀಲಿ ನಿಂತಿದೆ. ತಡ್ಕೊಳ್ಳೋಕಾಗ್ಲಿಲ್ಲ, ಬಂದ್ಬಿಟ್ವಿ.” ಸ್ವಲ್ಪ ತಡೆದು ಕೇಳಿದ. “ಊಟ ಇದ್ಯೋ, ಮುಗೀತೋ?”

ದಾರ್ಕಿಮ್ ಸಕಿರುನ್‌ನ ಕೈಯಿಂದ ಚಾಕು ಕಸಿದುಕೊಂಡು, ಹಳದಿ ಗೋಪುರದ ತುದಿಯನ್ನು ಕೊಯ್ದು, ಎಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ಮುದುಕನಿಗೆ ನೀಡಿದ. ಮುದುಕ ಅದನ್ನು ನಿಂತಲ್ಲೇ ಬಾಯಿಗಿಟ್ಟುಕೊಂಡು, “ಉಪ್ಪು ಸ್ವಲ್ಪ ಕಮ್ಮಿ” ಎಂದ.

“ಕಮ್ಮಿ ಆದ್ರೆ ಕೂತ್ಕೊಂಡು ಹಾಕ್ಕೊಳ್ಳಿ!” ಎಂದು ಒಲೆಯ ಬಳಿಯಿಂದ ರಸಿತಿ ಕೂಗಿದಳು. “ಯಾರಾದ್ರೂ ಇನ್ನಷ್ಟು ಎಲೆ ಕೊಯ್ಕೊಂಡು ಬನ್ನಿ!”

ಕರಂಗ್‌ದೆಲೆಯವರು ಚಾಪೆಯ ಮೇಲೆ ಒತ್ತಿಕೊಂಡು ಸರಿದು ಕೂತು, ಕೆಳಗಿನ ಊರಿನವರಿಗೆ ಜಾಗ ಮಾಡಿಕೊಟ್ಟರು.